ಮೇನ್ ಸ್ವಿಚ್ ಪಕ್ಕದ ಕುರ್ಚಿ

ಶಿಳ್ಳೆಯಕ್ಕನ ಕಣ್ಣು ಹೋದದ್ದು ನಿವೃತ್ತಿಯಾದ ಮೇಲೆ. "ದುಡಿಯೋವರೆಗೂ ಜೊತೇಲಿತ್ತು. ನಂಗೆ ರಜ ಸಿಕ್ಕಿದ್ದು ನೋಡಿ ಅದೂ ರಜ ಹಾಕ್ತು" ಎಂದು ಅವಳು ಹೇಳುತ್ತಾಳೆ. ಯಾರಾದರೂ ಅಯ್ಯೋ ಪಾಪ ಎಂದು ರಾಗ ಎಳೆದರೆ, "ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ, ಆ ಮೂಲೇಲಿ ಜೇಡರ ಬಲೆ ಇದ್ರೆ ಸ್ವಲ್ಪ ತೆಗೀರಿ" ಎಂದು ಪೊರಕೆ ಕೈಗೆ ಕೊಡುತ್ತಾಳೆ. ಕನಿಕರಕ್ಕೆ ಇದಕ್ಕಿಂತ ಒಳ್ಳೆ ಮದ್ದನ್ನು ನಾನು ಕಂಡಿಲ್ಲ.

ಅವಳು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಡಿಪೋದವರು ಕೊಟ್ಟ ಪೀಪಿಯನ್ನು ಜೇಬಿನಲ್ಲೇ ಬಿಟ್ಟು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯುತ್ತಿದ್ದಳು. ಒಂದು ಶಿಳ್ಳೆಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ನಾವು ಡಿಪೋ ಗೇಟಿನಲ್ಲಿ ಮುಷ್ಕರ ಕೂತಿದ್ದಾಗ ಆಡಳಿತದವರು ಹೊರಗಿನ ಡ್ರೈವರುಗಳನ್ನು ಕರೆಸಿ ಬಸ್ಸು ಹೊರಡಿಸಿದರು. ನಾವು ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿದೆವು. ಬಸ್ಸು ನಮ್ಮ ಕಡೆಗೇ ಬರುತ್ತಿತ್ತು. ಅವಳು ಗೇಟಿನ ಪಕ್ಕದಿಂದ ಒಂದೇ ಒಂದು ಶಿಳ್ಳೆ ಹೊಡೆದಳು. ಮುಂದಿನ ಬಸ್ಸಿನವನ ಕಾಲು ತಾನಾಗಿ ಬ್ರೇಕ್ ಒತ್ತಿತು. ಅವನೇ ಬೆಪ್ಪಾಗಿ ತನ್ನ ಕಾಲನ್ನು ನೋಡಿಕೊಂಡ. "ತಲೆ ಯಾವ ಪಕ್ಷದಲ್ಲಾದ್ರೂ ಇರಲಿ, ಕಾಲು ಅಭ್ಯಾಸದ ಪಕ್ಷ" ಎಂದಳು. ಅವತ್ತು ಅಂಟಿದ ಹೆಸರು ಇದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಪಿಂಚಣಿ ಕಚೇರಿಯವರಿಗೆ ಮಾತ್ರ ಗೊತ್ತು.

ಅವಳ ಗಂಡ ಮಸಿಯಣ್ಣ. ಚಳವಳಿಯ ಕರಪತ್ರಗಳನ್ನು ಅಚ್ಚು ತೆಗೆಯುತ್ತಿದ್ದವನು. ಉಗುರಿನ ಸಂದಿಯ ಕಪ್ಪು ಇವತ್ತಿಗೂ ಪೂರ್ತಿ ಹೋಗಿಲ್ಲ, ಇಲ್ಲವೇ ಹೋಗದ ಹಾಗೆ ಅವನೇ ನೋಡಿಕೊಂಡಿದ್ದಾನೆ. ನಮ್ಮ ಕಾರ್ಮಿಕ ಸಂಘವನ್ನು ನಿಷೇಧಿಸಿದ್ದ ಕಾಲದಲ್ಲಿ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕರೆಂಟಿನಿಂದ ಓಡುವ ಒಂದು ನಕಲು ಯಂತ್ರ ಇಟ್ಟಿದ್ದೆವು. ಅದರ ಧಡಕ್ ಧಡಕ್ ಬೀದಿಗೆ ಕೇಳುತ್ತಿತ್ತು. ಅದಕ್ಕಾಗಿ ಒಂದು ನಿಯಮ ಮಾಡಿಕೊಂಡಿದ್ದೆವು. ಬಾಗಿಲಿಗೆ ಎರಡು ಬಡಿತ, ಸ್ವಲ್ಪ ತಡೆದು ಇನ್ನೊಂದು ಬಡಿತ ಬಿದ್ದರೆ ನಮ್ಮವರು. ಬೇರೆ ಯಾವ ಬಡಿತ ಬಿದ್ದರೂ ಮೇನ್ ಸ್ವಿಚ್ ಇಳಿಸಬೇಕು. ಯಂತ್ರ ನಿಂತು ದೀಪ ಆರುವಷ್ಟರಲ್ಲಿ ಕಾಗದವೆಲ್ಲ ಬಟ್ಟೆ ಗಂಟಿನೊಳಗೆ ಇರಬೇಕು. ಸ್ವಿಚ್ ಪಕ್ಕದ ಕುರ್ಚಿ ಮಸಿಯಣ್ಣನದು. ಯೋಚನೆ ಮಾಡುತ್ತ ಕೂತವನು ಜೈಲಿಗೆ ಹೋಗುತ್ತಾನೆ ಎಂಬುದು ಆ ಕುರ್ಚಿಯ ಕಾನೂನು. ನಿಷೇಧ ಹೋಯಿತು, ಇಸ್ತ್ರಿ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂತು. ಮಸಿಯಣ್ಣ ಮಾತ್ರ ಮನೆ ಬದಲಾಯಿಸಿದಾಗಲೆಲ್ಲ ಮೊದಲು ಮೇನ್ ಸ್ವಿಚ್ ಎಲ್ಲಿದೆ ಎಂದು ನೋಡಿ ಅದರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಈಗಿನ ಮನೆಯಲ್ಲಿ ಅದು ಹಜಾರದ ಬಾಗಿಲ ಬಳಿ ಇದೆ, ಹಿಡಿಕೆಯಿರುವ ಹಳೇ ಕಬ್ಬಿಣದ ಪೆಟ್ಟಿಗೆ. ಕಾಲಿಂಗ್ ಬೆಲ್ಲನ್ನು ಅವನು ಹಾಕಿಸಲೇ ಇಲ್ಲ. "ಯಾರು ಒತ್ತಿದ್ರೂ ಅದಕ್ಕೆ ಒಂದೇ ದನಿ. ನಮ್ಮವನು ಯಾರು, ಬೇರೆಯವನು ಯಾರು ಅಂತ ಹೇಳದ ಗಂಟೆ ಯಾಕೆ?" ಎಂದು ಅವನ ವಾದ.

ಅದೇ ಹಜಾರದಲ್ಲಿ ಗೋಡೆಗೊತ್ತಿ ಮೇಜು, ಮೇಜಿನ ಮೇಲೆ ಡಬ್ಬ. ಡಬ್ಬ ಎಂದರೆ ಕಂಪ್ಯೂಟರ್. ಸಂಘದ ಕಚೇರಿಗೆ ಹೊಸದು ಬಂದಾಗ ಹಳೆಯದು ಇವರ ಮನೆಗೆ ಬಂತು. ಕಣ್ಣು ಹೋದ ಮೇಲೆ ಶಿಳ್ಳೆಯಕ್ಕ ಅಂಧರ ಕಲಿಕೆ ಕೇಂದ್ರಕ್ಕೆ ಹೋಗಿ, ತನಗಿಂತ ಎಷ್ಟೋ ಚಿಕ್ಕವರ ಸಾಲಿನಲ್ಲಿ ಕೂತು, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಕಲಿತು ಬಂದಳು. ಕೀಲಿಗಳು ಬೆರಳಿಗೆ ಒಗ್ಗಿದವು. ಸಕ್ಕರೆ ಕಾಯಿಲೆಗೆ ಬೆರಳ ತುದಿ ಮರಗಟ್ಟಿದ್ದರಿಂದ ಫೋನು ಮಾತ್ರ ಒಗ್ಗಲಿಲ್ಲ. ಗಾಜಿನ ಫೋನು ಕೊಟ್ಟರೆ "ಇದನ್ನ ಉಜ್ಜಬೇಕಾ, ಒರೆಸಬೇಕಾ?" ಎಂದಳು. ಗುಂಡಿ ಫೋನಿನ ಗುಂಡಿಗಳೋ ಅಕ್ಕಿಕಾಳಿನಷ್ಟಿದ್ದವು. ಹಾಗಾಗಿ ಅವಳ ಪ್ರಪಂಚವೆಲ್ಲ ಡಬ್ಬದಲ್ಲೇ ಇತ್ತು. ದಿನಾ ಬೆಳಿಗ್ಗೆ ಅಂತರ್ಜಾಲದಲ್ಲಿ ಪೇಪರ್ ತೆರೆದು ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಕೇಳುತ್ತಿದ್ದಳು. ಅದರ ದನಿಯ ವೇಗ ಎಷ್ಟು ಏರಿಸಿಟ್ಟಿದ್ದಳೆಂದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗಿರುತ್ತಿತ್ತು. ಅವಳೊಬ್ಬಳಿಗೇ ಅದು ಭಾಷೆ.

ಒಂದು ದಿನ ಡಬ್ಬದೊಳಗೆ ಕಿರ್ ಕಿರ್ ಎಂದು ಸದ್ದಾಗಿ ಆಲಿಕಲ್ಲು ನಿಂತುಹೋಯಿತು.

ಪೇಪರ್ ಓದುವ ಕೆಲಸ ಮಸಿಯಣ್ಣನಿಗೆ ಬಂತು. ಅವನು ಓದುವುದನ್ನು ಒಮ್ಮೆ ಕೇಳಬೇಕು. ಮಂತ್ರಿಗಳು ಹೇಳಿದರು ಎಂದಿದ್ದರೆ ಇವನು ಬೊಗಳಿದರು ಎಂದು ಓದುತ್ತಾನೆ. ನಾಲ್ಕು ಸಾಲಿನ ಸುದ್ದಿಗೆ ಒಂದು ಪುಟದ ಉತ್ತರ ಕೊಡುತ್ತಾನೆ. ತನಗಾಗದವರ ಸುದ್ದಿ ಬಂದರೆ ಪುಟವೇ ತಿರುಗಿಹೋಗುತ್ತದೆ.

"ಇದು ಪೇಪರಾ, ನಿನ್ನ ಭಾಷಣಾನಾ?"

"ಸಾರಾಂಶ ಹೇಳ್ತಾ ಇದೀನಿ ಕಣೇ."

"ಸಾರ ನೀನು ಕುಡಿದು ಅಂಶ ನಂಗೆ ಕೊಡ್ತಾ ಇದೀಯ. ಇದ್ದ ಹಾಗೆ ಓದು ಮಾರಾಯ."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ."

"ನಾನು ಒದೆಯೋಲ್ಲ, ಕಾಲು ನೋಯ್ತಾ ಇದೆ. ಓದು."

ಇನ್ನೊಂದು ವಿಷಯವನ್ನೂ ಅವಳು ಗಮನಿಸಿದ್ದಳು. ಮಸಿಯಣ್ಣ ಓದುವ ಪೇಪರಿನಲ್ಲಿ ಯಾರೂ ಸಾಯುತ್ತಿರಲಿಲ್ಲ. "ನಮ್ಮ ಪೈಕಿ ಅರ್ಧ ಜನಕ್ಕೆ ಸಕ್ಕರೆ, ಇನ್ನರ್ಧಕ್ಕೆ ಎದೆ. ಇಷ್ಟು ತಿಂಗಳಿಂದ ಒಬ್ರೂ ಹೋಗಿಲ್ಲ ಅಂದ್ರೆ ಇಷ್ಟು ಗಟ್ಟಿಮುಟ್ಟಾದ ಚಳವಳಿ ಭೂಮಿ ಮೇಲೇ ಇಲ್ಲ ಬಿಡು" ಎಂದು ಒಮ್ಮೆ ಹೇಳಿದಳು. ಅವನು ಹವಾಮಾನದ ಸುದ್ದಿ ಓದಿದ.

ಅವಳ ಮನಸ್ಸಿನಲ್ಲಿದ್ದದ್ದು ಗೋಂದು. ಸಂಘದ ಪೋಸ್ಟರುಗಳನ್ನೆಲ್ಲ ಗೋಡೆಗೆ ಅಂಟಿಸುತ್ತಿದ್ದವನು, ಡಿಪೋ ಗೇಟಿನಲ್ಲಿ ಆ ಬಸ್ಸಿನ ಮುಂದೆ ಅವಳ ಭುಜಕ್ಕೆ ಭುಜ ಕೊಟ್ಟು ನಿಂತವನು. ವಾರಕ್ಕೊಮ್ಮೆ ಬಂದು, ಎರಡು ಬಡಿದು ತಡೆದು ಒಂದು ಬಡಿದು, ಒಳಗೆ ಕೂತು ಊರಿನ ಚಾಡಿಯೆಲ್ಲ ಒಪ್ಪಿಸಿ ಹೋಗುತ್ತಿದ್ದ. ಆ ಬಡಿತ ಕೇಳಿ ಬಹಳ ದಿನವಾಗಿತ್ತು. ಮಗಳ ಮನೆಗೆ ಹೋಗಿದ್ದಾನೆ ಎಂದ ಮಸಿಯಣ್ಣ. ಫೋನ್ ಒತ್ತಿ ಕೊಡು ಎಂದರೆ ಒತ್ತಿ, ಕಿವಿಗಿಟ್ಟುಕೊಂಡು, ಎತ್ತುತ್ತಿಲ್ಲ ಎಂದ. ಕೇಳುವ ಪ್ರಶ್ನೆ ಅವಳದಾದರೂ ಉತ್ತರ ಅವನ ಬಾಯಿಂದಲೇ ಬರಬೇಕಿತ್ತು. "ಡಬ್ಬ ಸರಿಯಾಗ್ಲಿ. ಗೋಂದು ಎಲ್ಲಿದಾನೆ ಅಂತ ನಾನೇ ಓದ್ಕೋತೀನಿ" ಎಂದಳು.

ನಾನು ಆ ದಿನಗಳಲ್ಲಿ ಬೇರೆ ಊರಿನಲ್ಲಿದ್ದೆ. ಮುಂದಿನದನ್ನು ಗಂಡ ಹೆಂಡತಿ ಇಬ್ಬರ ಬಾಯಲ್ಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತೂ ಕೂಡದ ಕಡೆ ಶಿಳ್ಳೆಯಕ್ಕನನ್ನು ನಂಬಿದ್ದೇನೆ. ಅವಳಿಗೆ ಕಾಣುವುದಿಲ್ಲ ನಿಜ, ಆದರೆ ಬಿಟ್ಟು ಹೇಳುವ ಚಟವಿಲ್ಲ.

ಬೀದಿ ತುದಿಯಲ್ಲಿ ಒಬ್ಬ ಹೆಂಗಸಿನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಡಬ್ಬವನ್ನು ಅಲ್ಲಿಗೆ ಒಯ್ಯಲು ಮಸಿಯಣ್ಣ ಒಪ್ಪಲಿಲ್ಲ. ಹಿಂದೆ ರಿಪೇರಿಗೆಂದು ಹೊರಗೆ ಕಳಿಸಿದ ನಕಲು ಯಂತ್ರ ಪೊಲೀಸ್ ಠಾಣೆಯಲ್ಲಿ ಸಿಕ್ಕಿತ್ತು. ಅಂದಿನಿಂದ ಅವನ ಪಾಲಿಗೆ ಯಂತ್ರ ಹೊಸಿಲು ದಾಟಬಾರದು. ರಿಪೇರಿಯವಳೇ ಮನೆಗೆ ಬಂದು ಡಬ್ಬ ಬಿಚ್ಚಿ ನೋಡಿದಳು.

"ಡಿಸ್ಕ್ ಸತ್ತಿದೆ ಯಜಮಾನ್ರೆ."

"ಜೀವಮಾನವೆಲ್ಲ ಯಜಮಾನರ ವಿರುದ್ಧ ಕೂಗಿದವನಮ್ಮ ನಾನು. ಬೇರೆ ಏನಾದ್ರೂ ಕರಿ."

"ಆಯ್ತು ಯಜಮಾನ್ರೆ" ಎಂದು ಅವಳು ಹೊಸ ಡಿಸ್ಕ್ ಕೂರಿಸಿದಳು. ಡಬ್ಬ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ರಿಪೇರಿಯವಳು ಪರದೆ ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದಳು. "ಅಮ್ಮ, ನಿಮ್ಮ ಬಯಾಸ್ ಬಹಳ ಹಳೇದು. ಅದನ್ನ ಮೊದಲು ಹೊಸದು ಮಾಡಬೇಕು. ಆಮೇಲೇ ಡಿಸ್ಕಿಗೆ ಎಲ್ಲಾ ಹೊಸದಾಗಿ ತುಂಬೋದು."

"ಬಯಾಸ್ ಅಂದ್ರೆ?"

"ಕರೆಂಟ್ ಬಂದ ಕೂಡ್ಲೆ ಮೊದಲು ಏಳೋದು ಅದು. ಒಳಗಿನ ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್ಪಿನಲ್ಲಿರುತ್ತೆ. ಎದ್ದು ಮನೇಲಿ ಯಾರ್ಯಾರಿದಾರೆ ಅಂತ ಹಾಜರಿ ಕೂಗುತ್ತೆ. ಕೀಬೋರ್ಡು, ಪರದೆ, ಡಿಸ್ಕು, ಎಲ್ಲಾ. ಆಮೇಲೆ ಉಳಿದೋರನ್ನ ಎಬ್ಬಿಸುತ್ತೆ. ನಿಮ್ಮದರ ಹಾಜರಿ ಪಟ್ಟಿ ಹಳೇ ಕಾಲದ್ದು. ಇಂಥಾ ಡಿಸ್ಕು ಒಂದಿದೆ ಅಂತಾನೇ ಅದಕ್ಕೆ ಗೊತ್ತಿಲ್ಲ."

"ನಮ್ಮ ಡಿಪೋ ಟೈಮ್ ಕೀಪರ್ ಹಾಗೆ ಅನ್ನು" ಎಂದಳು ಶಿಳ್ಳೆಯಕ್ಕ. "ಪಟ್ಟೀಲಿ ಹೆಸರಿಲ್ದಿದ್ರೆ ಎದುರಿಗೆ ನಿಂತ್ಕೊಂಡು ಕೆಮ್ಮಿದ್ರೂ ನೀನು ಬಂದಿಲ್ಲ ಅಂತಿದ್ದ."

"ಅವನೇ. ಆದ್ರೆ ಹುಷಾರು. ಬಯಾಸ್ ಬದಲಾಯಿಸ್ತಾ ಇರೋವಾಗ ಮಧ್ಯದಲ್ಲಿ ಕರೆಂಟ್ ಹೋದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ. ಎಬ್ಬಿಸೋನೇ ಸತ್ತಂಗೆ. ಈ ಬೋರ್ಡು ಈಗ ಎಲ್ಲೂ ಸಿಗಲ್ಲ. ಅಂಗಡಿಗೆ ತನ್ನಿ, ನನ್ನ ಹತ್ರ ಬ್ಯಾಟರಿ ಇದೆ."

ಮಸಿಯಣ್ಣ ತಲೆಯಾಡಿಸಿದ. ಆಗುವುದಿಲ್ಲ. ಶಿಳ್ಳೆಯಕ್ಕನಿಗೂ ತನ್ನ ಡಬ್ಬವನ್ನು ತಾನೇ ಎಬ್ಬಿಸುವ ಹಟ. ಬೇಕಾದ ಫೈಲನ್ನು ಪೆನ್ ಡ್ರೈವಿಗೆ ಹಾಕಿ ಕೊಡುತ್ತೇನೆ, ಹೇಗೆ ಮಾಡಬೇಕೆಂದೂ ಹೇಳಿಕೊಡುತ್ತೇನೆ ಎಂದು ರಿಪೇರಿಯವಳು ಹೋದಳು. ಅಂಗಡಿಯಿಂದಲೇ ಫೋನ್ ಮಾಡಿ, ಬೋರ್ಡಿನ ಮೇಲೆ ಬರೆದಿರುವ ನಂಬರನ್ನು ಪೂರ್ತಿ ಓದಿ ಹೇಳಿ ಎಂದಳು. ಮಸಿಯಣ್ಣ ಟಾರ್ಚ್ ಬಿಟ್ಟು ಡಬ್ಬದೊಳಗೆ ತಲೆ ಹಾಕಿ ಓದಿದ.

"ಅಷ್ಟೇನಾ?" ಎಂದಳು ಶಿಳ್ಳೆಯಕ್ಕ.

"ಅಷ್ಟೇ. ಕೆಳಗೆ ಏನೋ ಚಿಲ್ಲರೆ ಅಕ್ಷರ ಇದೆ."

"ಚಿಲ್ಲರೆ ಬಿಟ್ರೆ ಕಂಡಕ್ಟರ್ ಕೆಲಸ ಹೋಗುತ್ತೆ. ಓದು ಅದನ್ನೂ."

ಓದಿದ. ಫೋನಿನ ಆ ಕಡೆಯಿಂದ ರಿಪೇರಿಯವಳು, ಒಳ್ಳೇದಾಯಿತು, ಇದೇ ನಂಬರಿನ ಬೋರ್ಡು ಎರಡು ಬಗೆ ಇದೆ, ಆ ಅಕ್ಷರ ಇಲ್ಲದಿದ್ದರೆ ತಪ್ಪು ಫೈಲ್ ಕೊಡುತ್ತಿದ್ದೆ ಎಂದಳು. ಮಸಿಯಣ್ಣ ಟಾರ್ಚ್ ಆರಿಸಿ, ಕೆಮ್ಮಿ, ಮೂತಿ ಒರೆಸಿಕೊಂಡ.

ಕರೆಂಟ್ ಹೋಗದ ಹೊತ್ತು ನೋಡಿ, ಬೆಳಗಿನ ಕೆಲಸಗಳೆಲ್ಲ ಮುಗಿದ ಮೇಲೆ ಇಬ್ಬರೂ ಕೂತರು. ಡಬ್ಬದ ಜೊತೆ ಬಂದಿದ್ದ ಬ್ಯಾಟರಿ ಪೆಟ್ಟಿಗೆ ಎಂದೋ ಸತ್ತು ಬಚ್ಚಲಿನಲ್ಲಿ ಬಕೆಟ್ಟಿಗೆ ಮಣೆಯಾಗಿತ್ತು. ಶಿಳ್ಳೆಯಕ್ಕ ಕೀಬೋರ್ಡಿನ ಮುಂದೆ, ಮಸಿಯಣ್ಣ ತನ್ನ ಕುರ್ಚಿಯಲ್ಲಿ. ಅಲ್ಲಿಂದ ಕತ್ತು ಚಾಚಿದರೆ ಪರದೆ ಕಾಣುತ್ತಿತ್ತು. ಕುರ್ಚಿಯನ್ನು ಈಚೆಗೆ ಎಳೆದುಕೋ ಎಂದು ಅವಳು ಹೇಳಲಿಲ್ಲ. ಅದು ಎಲ್ಲಿದೆ ಎಂಬುದು ಅವಳಿಗೆ ಎಷ್ಟೋ ವರ್ಷಗಳಿಂದ ಅಭ್ಯಾಸವಾಗಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಬಯಾಸ್ ಇರುವ ಜಾಗಕ್ಕೆ ಮಾತಾಡುವ ತಂತ್ರಾಂಶ ಬರುವುದಿಲ್ಲ. ಡಬ್ಬ ಅಲ್ಲಿ ಮೂಕ. ಕರೆಂಟ್ ಕೊಟ್ಟಾಗ ಬೀಪ್ ಎಂದು ಒಂದು ದನಿ ಮಾಡುತ್ತದೆ, ಮುಂದೆಲ್ಲ ಪರದೆಯೇ. ಅಂದರೆ ತಾನೇ ಓದಿಕೊಳ್ಳುವ ದಿನ ಮತ್ತೆ ಬರಬೇಕಾದರೆ ಅವಳು ಈ ಒಂದು ಸಲ ಮಸಿಯಣ್ಣನ ಓದನ್ನು ನಂಬಬೇಕಿತ್ತು.

"ನೋಡು" ಎಂದಳು. "ಇವತ್ತು ಸಾರಾಂಶ ಬೇಡ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ಅಲ್ಲಿ ಏನಿದೆಯೋ ಅದು."

"ಗೊತ್ತು ಬಿಡೇ. ಒತ್ತು."

ಬೀಪ್ ಬಂತು. ರಿಪೇರಿಯವಳು ಹೇಳಿಕೊಟ್ಟಿದ್ದ ಕೀಲಿಯನ್ನು ಶಿಳ್ಳೆಯಕ್ಕ ಕುಟ್ಟಿದಳು. ಮಸಿಯಣ್ಣ ಕನ್ನಡಕ ಏರಿಸಿ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಕನ್ನಡದಲ್ಲಿ ಓದಿ ಹೇಳತೊಡಗಿದ. "ನೀಲಿ ಬಣ್ಣದ ಹಲಗೆ ಬಂದಿದೆ. ಮೇಲೆ ಗಡಿಯಾರ ಇದೆ, ಅದು ತಪ್ಪಾಗಿದೆ, ಇಂಥಾ ಗಡಿಯಾರ ಇಟ್ಕೊಂಡು..."

"ಮಸಿ."

"ಗಡಿಯಾರ ಇದೆ" ಎಂದು ನಿಲ್ಲಿಸಿದ.

ಅವನು ಓದಿದ ಹಾಗೆ ಅವಳು ಬಾಣದ ಕೀಲಿ ಒತ್ತುತ್ತ ಕೆಳಗಿಳಿದಳು. ಹೊಸದು ಮಾಡುವ ಸಾಲು ಸಿಕ್ಕಿತು. ಪೆನ್ ಡ್ರೈವ್ ಸಿಕ್ಕಿತು. ಫೈಲಿನ ಹೆಸರನ್ನು ಅವನಿಂದ ಎರಡು ಸಲ ಓದಿಸಿ ಒತ್ತಿದಳು.

"ಈಗೇನು ಬಂತು?"

"ಏನೋ ಎಚ್ಚರಿಕೆ. ಮಾಮೂಲು."

"ಮಾಮೂಲಾದ್ರೂ ಓದು."

"ಈ ಕೆಲಸ ಮುಗಿಯುವವರೆಗೆ ವಿದ್ಯುತ್ತನ್ನು ಕಡಿತಗೊಳಿಸಬೇಡಿ. ಮುಂದುವರಿಯಲೇ? ಹೌದು, ಇಲ್ಲ."

ಹೌದು ಒತ್ತಿದಳು. ಪರದೆಯ ಮೇಲೆ ಬಿಳಿಯ ಪಟ್ಟಿಯೊಂದು ಎಡದಿಂದ ತುಂಬುತ್ತ ಬಂತು. ಮಸಿಯಣ್ಣ ಮತ ಎಣಿಕೆ ಕೇಂದ್ರದ ಹೊರಗೆ ನಿಂತವನ ಹಾಗೆ ವರದಿ ಕೊಟ್ಟ. "ಕಾಲು ಭಾಗ ಆಯ್ತು... ನಿಂತಿದೆ... ಇಲ್ಲ, ಓಡ್ತಾ ಇದೆ... ಅರ್ಧ ಆಯ್ತು." ಅವನಿಗೆ ಖುಷಿಯಾಗಿತ್ತು. ಬಹಳ ದಿನದ ಮೇಲೆ ಒಂದು ಯಂತ್ರ, ಒಂದು ಕೆಲಸ, ಪಕ್ಕದಲ್ಲಿ ಅವಳು. "ಮುಕ್ಕಾಲು ಹತ್ರ ಬಂತು ಕಣೇ" ಎಂದ.

ಬಾಗಿಲಿಗೆ ಧಬ ಧಬ ಧಬ ಧಬ ಎಂದು ಬಡಿತ ಬಿತ್ತು.

ಶಿಳ್ಳೆಯಕ್ಕನಿಗೆ ಮೊದಲು ಕೇಳಿದ್ದು ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು. ಆ ಸದ್ದಿನಲ್ಲೇ ಅವಳಿಗೆ ಎಲ್ಲ ತಿಳಿಯಿತು. ಒಂದು ಶಿಳ್ಳೆ ಹೊಡೆದಿದ್ದರೆ ಅವನು ನಿಲ್ಲುತ್ತಿದ್ದನೋ ಏನೋ. ಎರಡೂ ಕೈ ಕೀಬೋರ್ಡಿನ ಮೇಲಿದ್ದವು, ಬಾಯಿಗೆ ಬರುವಷ್ಟರಲ್ಲಿ ಕಬ್ಬಿಣದ ಹಿಡಿಕೆ ಖಟ್ ಎಂದು ಇಳಿಯಿತು. ಡಬ್ಬದ ಫ್ಯಾನು ಸುಯ್ಯೆಂದು ನಿಧಾನವಾಗಿ ನಿಂತಿತು.

ಮಸಿಯಣ್ಣ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನು ನನಗೆ ಹೇಳಿದ್ದು, "ಮೊದಲು ಕೈ ಹೋಗಿ ಸ್ವಿಚ್ ಇಳಿಸ್ತು, ಆಮೇಲೆ ನಾನು ಅಲ್ಲಿಗೆ ಹೋದೆ ಅನ್ನಿಸ್ತು."

"ಏನಾಯ್ತು?" ಎಂದಳು.

ಅವನು ಹೇಳಿದ, "ಕರೆಂಟ್ ಹೋಯ್ತು."

ಪಕ್ಕದ ಮನೆಯಲ್ಲಿ ಮಿಕ್ಸಿ ಗರ್ ಎಂದು ಓಡುತ್ತಿತ್ತು. ಇಬ್ಬರೂ ಅದನ್ನು ಕೇಳುತ್ತ ಕೂತರು, ಅಲ್ಲ, ಅವಳು ಕೂತಿದ್ದಳು, ಅವನು ನಿಂತಿದ್ದ.

"ಅವರ ಮನೆ ಮಿಕ್ಸಿ ಸೀಮೆಎಣ್ಣೇಲಿ ಓಡುತ್ತಾ?" ಎಂದಳು.

ಹೊರಗಿನಿಂದ ದನಿ ಬಂತು. "ಯಾರಿದೀರಿ ಒಳಗೆ? ನೀರಿನ ಮೀಟರ್ ನೋಡ್ಬೇಕು."

ಮಸಿಯಣ್ಣ ಬಾಗಿಲು ತೆಗೆದ. ಹೊಸದಾಗಿ ಕೆಲಸಕ್ಕೆ ಬಂದಿದ್ದ ಮೀಟರಿನವನು. ಹಳಬನಿಗೆ ಈ ಮನೆಯ ರೀತಿ ಗೊತ್ತಿತ್ತು, ಗೇಟಿನಿಂದಲೇ "ನೀರು" ಎಂದು ಕೂಗುತ್ತಿದ್ದ. ಇವನು ಅಂಗೈ ಅಗಲಿಸಿ ಬಡಿದಿದ್ದ. ಒಳಗಿನ ಇಬ್ಬರ ಮುಖ ನೋಡಿ, "ಏನು ಸಾರ್, ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಕೇಳಿದ.

"ಆಯ್ತು" ಎಂದಳು ಶಿಳ್ಳೆಯಕ್ಕ. ಗಂಡನಿಂದ ಸ್ವಿಚ್ ಮೇಲೆತ್ತಿಸಿ ಡಬ್ಬದ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಬೀಪ್ ಬರಲಿಲ್ಲ. ಮತ್ತೆ ಒತ್ತಿದಳು, ಕಿವಿಯನ್ನು ಡಬ್ಬಕ್ಕೆ ಆನಿಸಿ ಕೂತಳು. ಬರಲಿಲ್ಲ. "ಎಬ್ಬಿಸೋನು ಹೋದ" ಎಂದಳು. ಅತ್ತಳೇ ಎಂದು ಕೇಳಬೇಡಿ. ಅವಳು ಎದ್ದು ಚಪ್ಪಲಿ ಹಾಕಿಕೊಂಡಳು. "ಅಂಗಡಿಗೆ ಹೊರಡಿಸು. ಹೊಸಿಲು ಗಿಸಿಲು ಅಂದ್ರೆ ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ."

ಮಸಿಯಣ್ಣ ಡಬ್ಬದ ತಂತಿಗಳನ್ನು ಬಿಡಿಸಿದ. ಮೀಟರಿನವನು ಮೀಟರು ನೋಡುವುದನ್ನು ಬಿಟ್ಟು ಡಬ್ಬವನ್ನು ತನ್ನ ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡ. ಮೇಲೆ ಒಂದು ಬಿಳಿ ಟವೆಲ್ ಹೊದಿಸಿ, ಗಾಡಿ ಚಾಲೂ ಮಾಡದೆ ತಳ್ಳುತ್ತ ನಡೆದ. ಹಿಂದೆ ಗಂಡನ ತೋಳು ಹಿಡಿದು ಶಿಳ್ಳೆಯಕ್ಕ. ದಾರಿಯಲ್ಲಿ ತರಕಾರಿ ಕೊಳ್ಳುತ್ತಿದ್ದವರು ಬದಿಗೆ ಸರಿದು ಜಾಗ ಬಿಟ್ಟರು.

"ಎಷ್ಟು ಮೆರವಣಿಗೇಲಿ ನಡೆದಿದೀವಿ, ಇಂಥಾದ್ದು ಇದೇ ಮೊದಲು" ಎಂದಳು. "ಯಾರ ಶವಯಾತ್ರೆ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ? ಕರೆಂಟ್ ಹೋಯ್ತು ಅಂತೀಯಾ?"

ಅವನು ಅವಳನ್ನು ರಸ್ತೆಯ ಒಂದು ಗುಂಡಿ ಬಳಸಿ ನಡೆಸಿದ.

"ಪೇಪರಲ್ಲೂ ಹೀಗೇ ಎಷ್ಟು ಸಲ ಕರೆಂಟ್ ತೆಗೆದಿದೀಯ?"

ಅವಳು ಹಿಡಿದಿದ್ದ ತೋಳು ಬಿಗಿಯಾಯಿತು. ಕಣ್ಣಿಲ್ಲದವಳಿಗೆ ಅಷ್ಟು ಸಾಕು.

"ಗೋಂದು ಹೋಗಿ ಎಷ್ಟು ದಿನ ಆಯ್ತು?"

ಮಸಿಯಣ್ಣ ನಿಂತುಬಿಟ್ಟ. ಮುಂದೆ ಸ್ಕೂಟರೂ ನಿಂತಿತು, ಮೀಟರಿನವನು ಹಿಂದೆ ತಿರುಗಿ ನೋಡಿ, ಇದು ತನಗೆ ಸಂಬಂಧಿಸಿದ್ದಲ್ಲ ಎಂದು ಮುಂದೆ ನೋಡುತ್ತ ನಿಂತ.

"ಡಬ್ಬ ಕೆಟ್ಟ ವಾರಾನೇ" ಎಂದ. "ಎದೆ. ನಾನು ಪಿಂಚಣಿ ಕಚೇರಿಗೆ ಹೋಗ್ಬರ್ತೀನಿ ಅಂತ ನಿಂಗೆ ಹೇಳಿ ಹೋಗಿದ್ನಲ್ಲ, ಅವತ್ತೇ ಅವನ ಮಣ್ಣು. ಪೇಪರಲ್ಲೂ ಬಂದಿತ್ತು, ಫೋಟೋ ಸಮೇತ. ಓದೋಕೆ ಬಾಯಿ ಬರಲಿಲ್ಲ. ಮಾರನೇ ದಿನ ಓದೋಣ ಅಂದ್ಕೊಂಡೆ. ಮಾರನೇ ದಿನ ಪೇಪರ್ ಬೇರೆ ಆಗಿತ್ತು."

"ನನ್ನ ಕಣ್ಣು ಹೋಗಿದೆ. ಕಾಲು ಹೋಗಿರಲಿಲ್ಲ" ಎಂದಳು. "ಅವನ ಮಣ್ಣಿಗೆ ಬರ್ತಿದ್ದೆ. ನಿನಗೆ ಓದೋಕೆ ಕಷ್ಟ ಆದ್ರೆ ಕಷ್ಟ ಅನ್ನು. ಸುದ್ದಿ ಇಲ್ಲ ಅನ್ಬೇಡ."

"ಹೂಂ."

"ಹೂಂ ಅಂತೆ. ನಡಿ ಈಗ."

ಮಿಕ್ಕ ದಾರಿಯಲ್ಲಿ ಅವಳು ಅವನ ತೋಳು ಹಿಡಿಯಲಿಲ್ಲ. ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಕೈಯಿಟ್ಟುಕೊಂಡು ನಡೆದಳು.

ರಿಪೇರಿಯವಳು ಟವೆಲ್ ತೆಗೆದು, ನಡೆದದ್ದನ್ನು ಕೇಳಿ ಬೈಯಲಿಲ್ಲ. "ಸ್ವಿಚ್ ತೆಗೆದೋರು ಯಾರು?" ಎಂದಷ್ಟೇ ಕೇಳಿದಳು.

"ನಾನು" ಎಂದ ಮಸಿಯಣ್ಣ. "ಕರೆಂಟ್ ಹೋಗ್ಲಿಲ್ಲ. ನಾನೇ ಇಳಿಸಿದೆ."

ಶಿಳ್ಳೆಯಕ್ಕ ಬೆಂಚಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಅವನು ಕೂತ.

ಡಬ್ಬ ಬಿಚ್ಚಿ ದೀಪ ಹತ್ತಿರಕ್ಕೆ ಎಳೆದುಕೊಂಡು ರಿಪೇರಿಯವಳು ಹುಡುಕಿದಳು. ಬಯಾಸ್ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿದ್ದರೆ ತೆಗೆಯುವುದೇ ಕಷ್ಟ, ತೆಗೆಯುವಾಗ ಹಾಳಾಗುವುದೇ ಹೆಚ್ಚು, ಸುಮ್ಮನೆ ಕೂರಿಸಿದ್ದರೆ ಕಿತ್ತು ತೆಗೆದು ಬೇರೆ ಯಂತ್ರದಿಂದ ಬರೆಯಬಹುದು ಎಂದು ಹೇಳುತ್ತಲೇ ಬೋರ್ಡಿನ ಧೂಳು ಊದಿದಳು. ಬೆಂಚಿನ ಮೇಲಿನ ಇಬ್ಬರೂ ಮುಂದಕ್ಕೆ ಬಾಗಿದರು. ಮೀಟರಿನವನೂ ಹೋಗಿರಲಿಲ್ಲ.

"ಹಳೇ ಬೋರ್ಡು ಅಂತ ಬೈಕೋಬೇಡಿ" ಎಂದಳು ಕೊನೆಗೆ. "ಹಳೇದಾಗಿದ್ದಕ್ಕೇ ಬದುಕಿದೆ. ಈಗೆಲ್ಲ ಹೀಗೆ ಕೂರಿಸೋದು ಕಮ್ಮಿ." ಚಿಮಟಿಯಲ್ಲಿ ಚಿಪ್ಪನ್ನು ಎಬ್ಬಿಸಿ ತೆಗೆದಳು. ಶಿಳ್ಳೆಯಕ್ಕ ಕೈ ಚಾಚಿ ಕೇಳಿದಳು. ಅಂಗೈ ಮೇಲಿಟ್ಟಾಗ ಅವಳ ಬೆರಳಿಗೆ ಅದು ಗೊತ್ತೇ ಆಗಲಿಲ್ಲ, ತುಟಿಗೆ ತಾಗಿಸಿ ನೋಡಿದಳು. ಉಗುರಿನಷ್ಟಗಲ, ಎರಡು ಕಡೆ ಸಣ್ಣ ಕಾಲುಗಳು.

"ಇಷ್ಟೇನಾ ನಮ್ಮ ಟೈಮ್ ಕೀಪರ್? ತಿಗಣೆ ಇದ್ದಂಗಿದಾನೆ."

ಚಿಪ್ಪನ್ನು ಪುಟ್ಟ ಯಂತ್ರದ ಬಾಯಿಗಿಟ್ಟು, ಅದೇ ಫೈಲನ್ನು ಅದಕ್ಕೆ ಬರೆದು, ಮತ್ತೆ ಡಬ್ಬದಲ್ಲಿ ಕೂರಿಸುವವರೆಗೆ ಮಸಿಯಣ್ಣ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಅಂಗಡಿಯ ಬಾಗಿಲ ಬಳಿ ಯಾರೋ ಬಂದು ಗಾಜು ತಟ್ಟಿದಾಗ ಬೆಂಚು ಸ್ವಲ್ಪ ಅಲುಗಿತು, ಅಷ್ಟೆ.

ಬೀಪ್ ಬಂತು.

ಶಿಳ್ಳೆಯಕ್ಕ ಎರಡು ಬೆರಳು ಬಾಯಿಗಿಟ್ಟು ಎರಡು ಶಿಳ್ಳೆ ಹೊಡೆದಳು. ರಿಪೇರಿಯವಳ ಕೈಯಿಂದ ತಿರುಪುಳಿ ಬಿತ್ತು. ರಸ್ತೆಯಲ್ಲಿ ನಿಂತಿದ್ದ ಬಸ್ಸೊಂದು ಹೊರಟೇಬಿಟ್ಟಿತು ಎಂದು ಮಸಿಯಣ್ಣ ಹೇಳುತ್ತಾನೆ. ಅದು ಅವನು ಸೇರಿಸಿದ್ದು. ಅವಳಂತೂ ಬಸ್ಸಿನ ಸದ್ದು ಕೇಳಲಿಲ್ಲವಂತೆ.

ನಾನು ಊರಿಗೆ ಬಂದ ಮೇಲೆ ಅವರ ಮನೆಗೆ ಹೋದೆ. ಎರಡು ಬಡಿದು, ತಡೆದು, ಇನ್ನೊಂದು ಬಡಿದೆ. ಮಸಿಯಣ್ಣ ಬಾಗಿಲು ತೆಗೆದ. ಒಳಗೆ ತಗಡಿನ ಮೇಲೆ ಆಲಿಕಲ್ಲು ಸುರಿಯುತ್ತಿತ್ತು. ಮೇನ್ ಸ್ವಿಚ್ಚಿನ ಹಿಡಿಕೆಗೆ ಶಿಳ್ಳೆಯಕ್ಕನ ಹಳೇ ಕಂಡಕ್ಟರ್ ಚೀಲ ನೇತುಹಾಕಿತ್ತು. ಅದನ್ನು ತೆಗೆಯದೆ ಹಿಡಿಕೆ ಇಳಿಸುವ ಹಾಗಿಲ್ಲ. ಕುರ್ಚಿ ಅಲ್ಲಿರಲಿಲ್ಲ. ಅದು ಹಜಾರದ ಆ ಬದಿಗೆ, ಅವಳ ಮೇಜಿನ ಪಕ್ಕಕ್ಕೆ ಬಂದಿತ್ತು.

ಮಸಿಯಣ್ಣ ಅಲ್ಲಿ ಹೋಗಿ ಕೂತು ಡಬ್ಬದ ಕಡೆ ಕಿವಿ ಕೊಟ್ಟ. ಅವನಿಗೆ ಒಂದು ಪದವೂ ಹಿಡಿಯುತ್ತಿರಲಿಲ್ಲ. "ಏನಂತೆ?" ಎಂದ.

ಅವಳು ಕೀಲಿ ಒತ್ತಿ ನಿಲ್ಲಿಸಿದಳು. "ಡಿಪೋ ಟೈಮ್ ಕೀಪರ್ ಹೋದನಂತೆ. ನಾಳೆ ಬೆಳಿಗ್ಗೆ ಮಣ್ಣು."

"ಆಡಳಿತದವರ ಚಮಚ."

"ಚಮಚಾನೂ ಸಾಯುತ್ತೆ. ಅವನ ಬಗ್ಗೆ ಉದ್ದಕ್ಕೆ ಬರೆದಿದಾರೆ. ಬೇಕಾ, ಬಿಡಲಾ? ನೀನೇ ಹೇಳು."

ಅವನು ಉಗುರಿನ ಕಪ್ಪು ಕೆರೆದ.

"ಓದಿಸು" ಎಂದ.

"ಇದ್ದ ಹಾಗೆ?"

"ಇದ್ದ ಹಾಗೆ."

ಅವಳು ಕೀಲಿಯನ್ನು ಒಂದೊಂದೇ ಸಲ ಒತ್ತುತ್ತ ದನಿಯ ವೇಗ ಇಳಿಸಿದಳು, ಅವನಿಗೆ ಹಿಡಿಯುವಷ್ಟು ಇಳಿಯುವವರೆಗೆ. ಡಬ್ಬ ನಿಧಾನವಾಗಿ, ಬಿಡಿಸಿ ಬಿಡಿಸಿ ಓದತೊಡಗಿತು. ಸಮಯಪಾಲನೆಗೆ ಹೆಸರಾದವರು, ಎಲ್ಲರ ಪ್ರೀತಿಗೆ ಪಾತ್ರರಾಗಿದ್ದರು ಎಂದಾಗ ಮಸಿಯಣ್ಣ ಬಾಯಿ ತೆರೆದ. ಅವಳು ಅವನ ಕಡೆ ಮುಖ ತಿರುಗಿಸಲೂ ಇಲ್ಲ. ಅವನು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಕೇಳಿದ.